ಅಡಗಲೂ ಒಂದು ಊರು ಬೇಕು

ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವ ಓದಿಸುವ ರೂಢಿಯಿದೆ. ಮಳೆಗೂ ಆ ಪರ್ವಕ್ಕೂ ಏನು ನಂಟೋ, ಬಲ್ಲವರು ಹೇಳಲಿ. ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ. ಹನ್ನೆರಡು ವರ್ಷ ಕಾಡಿನಲ್ಲಿ ಕಳೆದ ಪಾಂಡವರು, ಯಾರ ಕಣ್ಣಿಗೂ ಬೀಳಬಾರದ ಹದಿಮೂರನೆಯ ವರ್ಷದಲ್ಲಿ, ವಿರಾಟರಾಜನ ಜನ ತುಂಬಿದ ಪಟ್ಟಣಕ್ಕೇ ಏಕೆ ಬಂದರು?

ಕಾಡಿನಲ್ಲಿ ಐವರು ಗಂಡಸರೂ ಒಬ್ಬ ಹೆಂಗಸೂ ಕಂಡರೆ ಅಷ್ಟೇ ಸಾಕು, ಗುರುತು ಸಿಕ್ಕಿತು. ಅರಮನೆಯ ಅಡುಗೆಮನೆಯಲ್ಲಿ ಇನ್ನೊಬ್ಬ ಬಾಣಸಿಗ, ಲಾಯದಲ್ಲಿ ಇನ್ನೊಬ್ಬ ಆಳು, ರಾಣಿವಾಸದಲ್ಲಿ ಇನ್ನೊಬ್ಬ ಸೈರಂಧ್ರಿ ಹೆಚ್ಚಾದರೆ ಲೆಕ್ಕ ಇಡುವವರಾರು? ಅಡಗುವವನಿಗೆ ಬೇಕಾದದ್ದು ನಿರ್ಜನ ಜಾಗವೆಂದು ನಾವು ಭಾವಿಸುತ್ತೇವೆ. ಅವನಿಗೆ ನಿಜಕ್ಕೂ ಬೇಕಾದದ್ದು ಜನ.

ಈ ಮಾತನ್ನು ನಮ್ಮ ಕಾಲದಲ್ಲಿ ಮತ್ತೆ ಕಲಿತದ್ದು ಅಮೆರಿಕದ ನೌಕಾಪಡೆ. 1990ರ ದಶಕದ ನಡುವೆ ಅದರ ಸಂಶೋಧನಾಲಯದಲ್ಲಿ ಹುಟ್ಟಿದ ‘ಈರುಳ್ಳಿ ಮಾರ್ಗ’ದ ಕಲ್ಪನೆಯೇ ಮುಂದೆ ಟಾರ್ ಎಂಬ ಜಾಲವಾಯಿತು. ಸಂದೇಶಕ್ಕೆ ಈರುಳ್ಳಿಯಂತೆ ಪದರ ಪದರವಾಗಿ ಗೂಢಲಿಪಿ ಸುತ್ತಿ ಮೂರು ಕಂಪ್ಯೂಟರುಗಳ ಮೂಲಕ ದಾಟಿಸುತ್ತಾರೆ. ಒಂದೊಂದು ಒಂದೊಂದು ಸಿಪ್ಪೆ ಸುಲಿಯುತ್ತದೆ. ಮೊದಲನೆಯದಕ್ಕೆ ಕಳಿಸಿದವರು ಯಾರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ತಿಳಿಯದು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಈ ದಾರಿಯನ್ನು ನೌಕಾಪಡೆಯವರು ಮಾತ್ರ ಬಳಸಿದರೆ, ಅಲ್ಲಿಂದ ಹೊರಬರುವ ಪ್ರತಿಯೊಂದು ಸಂದೇಶವೂ ನೌಕಾಪಡೆಯದೇ ಎಂದು ಯಾರು ಬೇಕಾದರೂ ಹೇಳಬಹುದು. ಆದ್ದರಿಂದ ಗುಟ್ಟಿನ ದಾರಿಯನ್ನು ಎಲ್ಲರಿಗೂ ತೆರೆಯಬೇಕಾಯಿತು. 2002ರಲ್ಲಿ ಜಾಲ ಓಡತೊಡಗಿತು; ಅದರ ಕೋಡ್ ಮುಕ್ತ ಪರವಾನಗಿಯಡಿ ಎಲ್ಲರ ಕೈಗೂ ಸಿಕ್ಕಿತು. ಬಚ್ಚಿಡುವ ಆಸೆಯೇ ಬಾಗಿಲು ತೆರೆಸಿತು.

ಇಲ್ಲಿಂದ ನನ್ನ ವಾದ ಶುರುವಾಗುತ್ತದೆ. ಅನಾಮಿಕತೆಯನ್ನು ನಾವು ಒಬ್ಬೊಬ್ಬರ ಸ್ವಂತ ಸೊತ್ತೆಂದು, ಮನೆಯ ಬೀಗದಂತೆ ಎಣಿಸುತ್ತೇವೆ. ಅದು ಬೀಗಕ್ಕಿಂತ ಊರ ಜಾತ್ರೆಗೆ ಹತ್ತಿರ. ಒಬ್ಬನೇ ಜಾತ್ರೆ ಮಾಡಲಾಗುವುದಿಲ್ಲ.

ಜಾಲವನ್ನು ತಡೆಯಲು ಹೊರಟ ಸರ್ಕಾರಗಳ ಕಥೆ ಇದನ್ನೇ ಇನ್ನೊಂದು ಬದಿಯಿಂದ ಹೇಳುತ್ತದೆ. ಒಳಗಿರುವವರು ಯಾರೆಂದು ತಿಳಿಯದಿದ್ದರೇನಂತೆ, ಬಾಗಿಲನ್ನೇ ಮುಚ್ಚಿದರಾಯಿತು. ಟಾರ್‌ನ ಕಂಪ್ಯೂಟರುಗಳ ಪಟ್ಟಿ ಬಹಿರಂಗವಾಗಿಯೇ ಇರುವುದರಿಂದ 2009ರಲ್ಲಿ ಚೀನಾ ಅವುಗಳಿಗೆ ತಡೆ ಹಾಕಿತು. ಪಟ್ಟಿಯಲ್ಲಿಲ್ಲದ ‘ಸೇತುವೆ’ಗಳು ಬಳಕೆಗೆ ಬಂದವು. ಆಗ ಕಾವಲುಗಾರರು ವಿಳಾಸ ಬಿಟ್ಟು ನಡಿಗೆ ನೋಡತೊಡಗಿದರು. ಸಾಮಾನ್ಯ ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಆಗ ವರ್ಷದ ಆಸುಪಾಸಿನ ಆಯುಸ್ಸಿತ್ತು. ಟಾರ್‌ನ ಪ್ರಮಾಣಪತ್ರಕ್ಕೆ ಎರಡೇ ಗಂಟೆಯಿತ್ತು. 2011ರಲ್ಲಿ ಇರಾನ್ ಅಷ್ಟನ್ನೇ ಹಿಡಿದು ಜಾಲವನ್ನು ಕಡಿದುಹಾಕಿತು. ವಿರಾಟನ ಸೇನಾಪತಿ ಕೀಚಕ ಸತ್ತ ಸುದ್ದಿ ಕೇಳಿದ ದುರ್ಯೋಧನ ಮಾಡಿದ್ದೂ ಇದೇ ಊಹೆ: ಅಂಥವನನ್ನು ಬರಿಗೈಯಲ್ಲಿ ಮುಗಿಸಬಲ್ಲವರು ಎಷ್ಟು ಜನರಿದ್ದಾರೆ? ವೇಷ ಮುಚ್ಚದ ಒಂದು ಲಕ್ಷಣ ಸಾಕು.

ಊಹೆ ಖಚಿತವಾಗಬೇಕಲ್ಲ. ಅದಕ್ಕೆ ಕೌರವರು ವಿರಾಟನ ಗೋವುಗಳಿಗೆ ಕೈಹಾಕಿದರು, ಒಳಗಿರುವವರು ತಾವಾಗಿಯೇ ಹೊರಬೀಳಲೆಂದು. ಚೀನಾದ ತಡೆಗೋಡೆಯೂ ಹೀಗೆ ಕೆಣಕಿ ನೋಡುತ್ತದೆ. ಅನುಮಾನ ಬಂದ ಕಂಪ್ಯೂಟರಿಗೆ ತಾನೇ ಟಾರ್ ಬಳಕೆದಾರನಂತೆ ಕರೆ ಮಾಡುತ್ತದೆ, ಓಗೊಟ್ಟರೆ ಸಿಕ್ಕಿಬಿದ್ದಂತೆ. ಉತ್ತರವಾಗಿ ಒಬಿಎಫ್‌ಎಸ್4 ಎಂಬ ವೇಷ ಬಂತು. ಗುಟ್ಟು ಗೊತ್ತಿಲ್ಲದವರಿಗೆ ಅದು ಓಗೊಡುವುದಿಲ್ಲ, ಹೊರಗಿನಿಂದ ನೋಡಿದರೆ ಯಾವ ಆಕಾರವೂ ಇಲ್ಲದ ಗೊಂದಲ. ಆದರೆ 2021ರ ನವೆಂಬರ್‌ನಿಂದ ಚೀನಾ ಆ ನಿರಾಕಾರವನ್ನೇ ಹಿಡಿಯತೊಡಗಿತು. ಮೊದಲ ಪೊಟ್ಟಣದಲ್ಲಿ ಸೊನ್ನೆಗಳೂ ಒಂದುಗಳೂ ಹೆಚ್ಚುಕಡಿಮೆ ಸಮವಾಗಿದ್ದು, ಪರಿಚಿತ ಭಾಷೆಯ ಯಾವ ಗುರುತೂ ಕಾಣದಿದ್ದರೆ ತಡೆ. ಎಲ್ಲರೂ ಏನಾದರೊಂದು ಆಗಿರುವ ಊರಿನಲ್ಲಿ ಏನೂ ಅಲ್ಲದವನು ಮೊದಲು ಕಣ್ಣಿಗೆ ಬೀಳುತ್ತಾನೆ.

ಹಾಗಾದರೆ ಇನ್ನೊಂದರಂತೆ ನಟಿಸಿದರೆ? ಸ್ಕೈಪ್ ಕರೆಯನ್ನು ಅನುಕರಿಸುವ ಯತ್ನಗಳು ನಡೆದವು. ಗಿಣಿ ಸತ್ತಿದೆ ಎಂಬರ್ಥದ ತಲೆಬರಹದ 2013ರ ಸಂಶೋಧನಾ ಲೇಖನವೊಂದು ಅವುಗಳ ಬಣ್ಣ ಬಯಲುಮಾಡಿತು. ಅಸಲಿ ತಂತ್ರಾಂಶ ತಪ್ಪಿದಾಗ ಹೇಗೆ ತಪ್ಪುತ್ತದೆ, ಎಡವಿದರೆ ಹೇಗೆ ಏಳುತ್ತದೆ ಎಂಬುದನ್ನೆಲ್ಲ ಗಿಣಿಪಾಠ ಕಲಿಸಲಾರದು. ವಿರಾಟನ ಮನೆಯಲ್ಲಿ ವಲಲನೆಂಬ ಹೆಸರಿನ ಭೀಮ ಅಡುಗೆಯವನಂತೆ ನಟಿಸುತ್ತ ಕೂರಲಿಲ್ಲ. ವರ್ಷವಿಡೀ ಅಡುಗೆ ಮಾಡಿದ. ನಿಲ್ಲುವ ವೇಷ ಅದೊಂದೇ.

2014ರಲ್ಲಿ ಬಂದ ಮೀಕ್ ಎಂಬ ಉಪಾಯ ಈ ದಾರಿ ಹಿಡಿಯಿತು. ಗೂಗಲ್, ಅಮೆಜಾನ್‌ನಂಥ ದೊಡ್ಡ ಕಂಪನಿಗಳ ಸರ್ವರ್‌ಗಳ ಮೂಲಕವೇ ನಿಜವಾಗಿ ಹಾದುಹೋಗುವುದು. ತಡೆಯಬೇಕೆಂದರೆ ಸರ್ಕಾರ ತನ್ನದೇ ವ್ಯಾಪಾರ ವಹಿವಾಟನ್ನೂ ಕಡಿದುಕೊಳ್ಳಬೇಕು. ಆದರೆ 2018ರ ಏಪ್ರಿಲ್‌ನಲ್ಲಿ ಆ ಎರಡು ಕಂಪನಿಗಳೂ ಈ ಕಿಂಡಿಯನ್ನು ಮುಚ್ಚಿದವು. ಸಾಹುಕಾರನ ಅಂಗಳದಲ್ಲಿ ನೆರೆದ ಸಂತೆ ಅವನು ಗೇಟು ಹಾಕುವವರೆಗೆ ಮಾತ್ರ. ಈಗ ಬಳಕೆಯಲ್ಲಿರುವ ಸ್ನೋಫ್ಲೇಕ್ ಸಾಮಾನ್ಯ ಜನರನ್ನು ನೆಚ್ಚಿದೆ. ಎಲ್ಲೋ ಕುಳಿತವರು ತಮ್ಮ ಬ್ರೌಸರಿಗೆ ಒಂದು ಪುಟ್ಟ ಸಲಕರಣೆ ಸೇರಿಸಿಕೊಂಡರೆ, ನಿರ್ಬಂಧವಿರುವ ದೇಶದವರೊಬ್ಬರ ಸಂದೇಶ ಸ್ವಲ್ಪ ಹೊತ್ತು ಅವರ ಮೂಲಕ ಜಾಲ ಸೇರುತ್ತದೆ. ನೋಡುವವರಿಗೆ ವಿಡಿಯೊ ಕರೆಯ ಹಾಗೆ. 2021ರ ಡಿಸೆಂಬರ್‌ನಲ್ಲಿ ರಷ್ಯಾ ಇದರ ನಡಿಗೆಯನ್ನೂ ಪತ್ತೆಹಚ್ಚಿತು, ತಂತ್ರಾಂಶ ಬರೆದವರು ತಿದ್ದಿಕೊಂಡರು. 2022ರಲ್ಲಿ ಮಹಸಾ ಅಮಿನಿ ಎಂಬ ಯುವತಿಯ ಸಾವಿನ ನಂತರ ಇರಾನ್ ಹೊತ್ತಿ ಉರಿದಾಗ ಅಲ್ಲಿನ ಬಹಳಷ್ಟು ಜನ ಇದನ್ನು ಹಿಡಿದುಕೊಂಡರು.

‘ಮುಚ್ಚಿಡುವಂಥದ್ದು ನನ್ನಲ್ಲೇನೂ ಇಲ್ಲ, ನನಗೇಕೆ ಇದೆಲ್ಲ’ ಎನ್ನುವವರಿಗೆ ಉತ್ತರ ಇಲ್ಲಿದೆ. ಮುಚ್ಚಿಡಲು ಏನೂ ಇಲ್ಲದವರಿಂದಲೇ ಊರು ಆಗುವುದು. ಮುಚ್ಚಿಡಲೇಬೇಕಾದವರಷ್ಟೇ ಉಳಿದರೆ ಅದು ಮತ್ತೆ ಕಾಡು.

ಕಳ್ಳನಿಗೂ ಇದೇ ಮರೆ ಅಲ್ಲವೇ? ಹೌದು. ಟಾರ್‌ನ ಒಳಗೆ ಮಾದಕ ವಸ್ತುಗಳ ಸಂತೆ ನಡೆದಿದೆ, ಅದಕ್ಕಿಂತ ಹೇಯವಾದದ್ದೂ ನಡೆದಿದೆ. ಆ ನೋವನ್ನು ಉಂಡವರ ಮುಂದೆ ತತ್ವ ಹೇಳುವುದು ಸುಲಭವಲ್ಲ. ಆದರೂ ಸಿಲ್ಕ್ ರೋಡ್ ಎಂಬ ಸಂತೆ ನಡೆಸಿದವನು 2013ರಲ್ಲಿ ಸಿಕ್ಕಿಬಿದ್ದದ್ದನ್ನು ನೋಡಿ. ಹಿಂದೊಮ್ಮೆ ತನ್ನ ಹೆಸರಿನ ಇಮೇಲ್ ವಿಳಾಸವನ್ನು ತಾನೇ ಬರೆದಿಟ್ಟಿದ್ದು ಸುಳಿವಾಯಿತು, ಬಂಧಿಸಿದ್ದು ಗ್ರಂಥಾಲಯವೊಂದರಲ್ಲಿ. ಒಬ್ಬನ ಮೇಲೆ ಅನುಮಾನ ಬಂದರೆ ಬೆನ್ನು ಹತ್ತುವ ದಾರಿ ಇದ್ದೇ ಇದೆ, ಬೆವರು ಸುರಿಸಬೇಕಷ್ಟೆ. ಟಾರ್ ಕಷ್ಟಕ್ಕೆ ಸಿಕ್ಕಿಸುವುದು ಸಗಟು ಬೇಹುಗಾರಿಕೆಯನ್ನು, ಎಲ್ಲರನ್ನೂ ಸದಾ ಪಟ್ಟಿಮಾಡಿ ಇಡುವ ಆಸೆಯನ್ನು. ನಮ್ಮಲ್ಲಿ 2022ರಲ್ಲಿ ಬಂದ ನಿರ್ದೇಶನ, ಜಾಲದಲ್ಲಿ ಬಳಕೆದಾರರ ಜಾಡು ಮರೆಸುವ ವಿಪಿಎನ್ ಸೇವೆಯವರು ಗ್ರಾಹಕರ ಹೆಸರು ವಿಳಾಸಗಳನ್ನು ಐದು ವರ್ಷ ಇಟ್ಟಿರಬೇಕೆಂದಿತು. ಅನುಮಾನಕ್ಕೆ ಮೊದಲೇ ಪಟ್ಟಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ ಆಗ ಐದು ವರ್ಷವೂ ಆಗಿರಲಿಲ್ಲ.

ಅಷ್ಟಕ್ಕೂ ವಿರಾಟನಗರದಲ್ಲಿ ಸೈರಂಧ್ರಿಯಾಗಿದ್ದ ದ್ರೌಪದಿಯ ಮೇಲೆ ಕೈಮಾಡಿದವನು ಹೆಸರು ಮರೆಸಿದವರ ಪೈಕಿಯವನಲ್ಲ. ಹೆಸರು, ಪದವಿ, ಅರಮನೆಯ ನೆಂಟಸ್ತನ ಎಲ್ಲ ಇದ್ದ ಸೇನಾಪತಿ ಕೀಚಕ. ಅವಳು ಸಭೆಗೆ ಬಂದು ದೂರಿದಾಗ ದೊರೆ ಸುಮ್ಮನಿದ್ದ.

ಕಥೆ ಕೇಳುವಾಗ ನಾವು ಪಾಂಡವರ ಜಾಗದಲ್ಲಿ ನಿಂತುಕೊಳ್ಳುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಆ ಜಾಗದವರಲ್ಲ. ಆ ಪಟ್ಟಣದ ಬೀದಿಗಳಲ್ಲಿ ಹಾಲು, ಹುಲ್ಲು ಮಾರಿಕೊಂಡಿದ್ದವರು. ಮರೆಯಾಗಿದ್ದವರು ಯಾರೆಂದು ಆ ಜನಕ್ಕೆ ಗೊತ್ತಿರಲಿಲ್ಲ. ಗೋವುಗಳನ್ನು ಹೊಡೆದುಕೊಂಡು ಹೋದಾಗ ನಷ್ಟ ಮಾತ್ರ ಅವರದೇ. ಗೊತ್ತಿಲ್ಲದೆ ಕೊಟ್ಟ ಆಸರೆಗೆ ಅವರು ಅಷ್ಟು ತೆರಬೇಕಾಯಿತು. ಗೊತ್ತಿದ್ದೂ ಕೊಡುತ್ತೇವೆಯೇ ಎಂಬುದಷ್ಟೇ ಈಗ ನಮ್ಮ ಪಾಲಿನ ಪ್ರಶ್ನೆ.