ಗೇಲಿ ಚಿತ್ರ ಮತ್ತು ಹಾವಿನ ವಿಷ

ಕತ್ತಿ ಹಿಡಿದ ಡಾಕ್ಟರ್ ರೋಗಿಯ ಜೇಬು ಕೊಯ್ಯುತ್ತಿದ್ದಾನೆ. ಪಕ್ಕದಲ್ಲಿ ಬೇರಿನ ಪುಡಿ ಹಿಡಿದ ಸಾಧುವಿನ ನಗುಮುಖ. ಇಂಥ ವ್ಯಂಗ್ಯಚಿತ್ರಗಳು ನಮ್ಮ ಗುರುಗುಂಟಾ, ಮಸ್ಕಿ ಸೀಮೆಯ ಮೊಬೈಲುಗಳಲ್ಲೂ ಓಡಾಡುತ್ತವೆ. ದವಾಖಾನೆಯ ಬಿಲ್ಲಿಗೆ ಎತ್ತು ಮಾರಿದವನಿಗೆ ಅವು ಸತ್ಯವೆಂದೇ ಕಾಣುತ್ತವೆ.

ವೈದ್ಯರನ್ನು ಗೇಲಿ ಮಾಡಿ ಮದ್ದು ಮಾರುವ ಈ ದಂಧೆ ಹಳೆಯದು. ಲಂಡನ್ನಿನಲ್ಲಿ ಜೇಮ್ಸ್ ಮಾರಿಸನ್ ಎಂಬವನು 1825ರಿಂದ ಸರ್ವರೋಗಕ್ಕೂ ಒಂದೇ ಮದ್ದೆಂದು ಸಸ್ಯದ ಗುಳಿಗೆ ಮಾರಿದ. ವೈದ್ಯರನ್ನು ಕೊಲೆಗಾರರಂತೆ ತೋರಿಸುವ ಚಿತ್ರಗಳು ಆ ಗುಳಿಗೆಯ ಪರವಾಗಿ ಅಚ್ಚಾದವು. ಜನರ ಸಿಟ್ಟು ಸುಳ್ಳಲ್ಲ. ಅಂದಿನ ವೈದ್ಯರು ಪಾದರಸ ತಿನ್ನಿಸುತ್ತಿದ್ದರು, ರಕ್ತ ಹರಿಸುತ್ತಿದ್ದರು. ಆದರೆ ಗುಳಿಗೆಯೊಳಗಿದ್ದದ್ದು ಲೋಳೆಸರದಂಥ ಬಿರುಸಾದ ಭೇದಿಮದ್ದು. ಅದನ್ನು ಮಿತಿಮೀರಿ ನುಂಗಿದವನೊಬ್ಬ ಸತ್ತಾಗ, 1836ರಲ್ಲಿ, ಮಾರಿದ ಏಜೆಂಟನನ್ನು ನ್ಯಾಯಾಲಯ ತಪ್ಪಿತಸ್ಥನೆಂದಿತು.

ಅದಕ್ಕೂ ಮೊದಲೇ ಲಸಿಕೆಯೂ ಇಂಥ ಗೇಲಿಗೆ ಗುರಿಯಾಗಿತ್ತು. 1802ರಲ್ಲಿ ಗಿಲ್‌ರೇ ಎಂಬ ಕಲಾವಿದ ಸಿಡುಬಿನ ಲಸಿಕೆ ಹಾಕಿಸಿಕೊಂಡವರ ಮೈಯಿಂದ ದನಗಳು ಹೊರಬರುವಂತೆ ಬರೆದು ಊರನ್ನೇ ನಗಿಸಿದ್ದ. ಮೂರೇ ವರ್ಷಕ್ಕೆ ನಮ್ಮ ಮೈಸೂರಿನಲ್ಲಿ ಇನ್ನೊಂದು ಚಿತ್ರ ಮೂಡಿತು. ಥಾಮಸ್ ಹಿಕಿ ಬರೆದ ಆ ಚಿತ್ರದಲ್ಲಿ ಎಳೆಯ ರಾಣಿಯೊಬ್ಬಳು ಸೆರಗು ಸರಿಸಿ, ಲಸಿಕೆ ಹಾಕಿಸಿಕೊಂಡ ತೋಳನ್ನು ಬೊಟ್ಟುಮಾಡಿ ತೋರುತ್ತಾಳೆ. ಲಸಿಕೆಯ ಪ್ರಚಾರಕ್ಕೆಂದೇ ಅದನ್ನು ಬರೆಸಿದರೆಂದು ಇತಿಹಾಸಕಾರರು ಹೇಳುತ್ತಾರೆ. ಅರಮನೆಯ ಹೆಣ್ಣು ತನ್ನ ತೋಳನ್ನೇ ಸಾಕ್ಷಿಯಾಗಿ ಒಡ್ಡುವ ಧೈರ್ಯ ನನಗೆ ಗಿಲ್‌ರೇಯ ನಗೆಗಿಂತ ದೊಡ್ಡದೆನಿಸುತ್ತದೆ.

ನಮ್ಮ ಸೀಮೆಗೆ ಈಗ ಅಂಥದೇ ಚಿತ್ರ ಬೇಕು, ಅದೂ ಹಾವಿನ ವಿಷಯದಲ್ಲಿ. ತೊಗರಿ, ಸಜ್ಜೆ, ಭತ್ತದ ಹೊಲದಲ್ಲಿ ಕಾಲಿಟ್ಟವರಿಗೆ ಹಾವು ಕಚ್ಚಿದರೆ ಬೇರು ಅರೆಯುವುದು, ಮಂತ್ರ ಹಾಕಿಸುವುದು ಇನ್ನೂ ನಿಂತಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಕುದುರೆಯ ರಕ್ತದಿಂದ ತಯಾರಾದ ಒಂದೇ ಚುಚ್ಚುಮದ್ದಿದೆ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ಮಂತ್ರ ಹಾಕಿಸುತ್ತ ಮನೆಯಲ್ಲೇ ಸತ್ತವರು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಕಷಾಯ, ಮನೆಮದ್ದಿನ ಮೇಲೆ ನನಗೆ ದ್ವೇಷವಿಲ್ಲ. ನೆಗಡಿಗೆ ಶುಂಠಿ ಇರಲಿ. ಹಾವು ಕಚ್ಚಿದಾಗ ಮಾತ್ರ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಚ್ಚಿದ ಕೈಕಾಲು ಅಲ್ಲಾಡಿಸಬೇಡಿ. 108ಕ್ಕೆ ಕರೆ ಮಾಡಿ, ಸರ್ಕಾರಿ ದವಾಖಾನೆಗೆ ಹೊರಡಿ. ನಿಮ್ಮೂರ ಪಂಚಾಯಿತಿಯ ಗೋಡೆಯ ಮೇಲೆ ಇಷ್ಟನ್ನು ದೊಡ್ಡ ಚಿತ್ರವಾಗಿ ಬರೆಸಿ.