ಮನೆಯಲ್ಲಿ ಕುಳಿತು ಪಡೆಯುವ ಪದವಿ



ಕಳೆದ ಅಮಾವಾಸ್ಯೆಯ ದಿನ ದಾಸೋಹ ಮುಗಿದ ಮೇಲೆ ಮಠದ ಕಚೇರಿಗೆ ಇಬ್ಬರು ಭಕ್ತರು ಒಬ್ಬರ ಹಿಂದೆ ಒಬ್ಬರು ಬಂದರು. ಮೊದಲು ಬಂದವರು ಹೊಸೂರಿನಲ್ಲಿ ದಿನಸಿ ಅಂಗಡಿ ನಡೆಸುವವರು. ಅವರ ಮಗ ಪ್ಲಸ್ ಟೂ ಮುಗಿಸಿ, ಡಿಪ್ಲೊಮಾ ಮಾಡಿ, ಸಿಪ್ಕಾಟಿನ ಕಾರ್ಖಾನೆಯೊಂದರಲ್ಲಿ ಮೂರು ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಮೇಲಿನ ಹುದ್ದೆಗೆ ಡಿಗ್ರಿ ಬೇಕಂತೆ. ಕೆಲಸ ಬಿಡದೆ ಆನ್‌ಲೈನ್ ಕಾಲೇಜಿನಲ್ಲಿ ಬಿ.ಕಾಂ. ಮಾಡುತ್ತೇನೆ ಎನ್ನುತ್ತಾನೆ, ಸೇರಿಸಬಹುದೇ ಎಂಬುದು ಅವರ ಪ್ರಶ್ನೆ. ಎರಡನೆಯವರು ತಳಿ ಕಡೆಯ ರೈತರು, ಗುಲಾಬಿ ಮತ್ತು ಟೊಮ್ಯಾಟೊ ಬೆಳೆಯುವವರು. ಅವರ ಮಗಳು ಈ ವರ್ಷ ಹನ್ನೆರಡನೆಯ ತರಗತಿ ಪಾಸಾಗಿದ್ದಾಳೆ. "ಕಾಲೇಜಿಗೆ ಯಾಕೆ ಕಳಿಸೋದು ಸ್ವಾಮಿ? ಈಗ ಫೋನಲ್ಲೇ ಡಿಗ್ರಿ ಬರ್ತದಂತೆ. ಮನೇಲೇ ಇದ್ದು ಓದ್ಕೊಳ್ಳಲಿ" ಎಂದರು.

ಮೇಲ್ನೋಟಕ್ಕೆ ಎರಡೂ ಒಂದೇ ಪ್ರಶ್ನೆ. ಆದರೆ ಒಂದೇ ಉತ್ತರ ಕೊಡಲು ನಮಗೆ ಮನಸ್ಸು ಬರಲಿಲ್ಲ. ಅಂದು ಅವರಿಗೆ ಹೇಳಿದ್ದನ್ನೂ, ಆಮೇಲೆ ಯೋಚಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಇಂಥ ಪ್ರಶ್ನೆ ಇನ್ನೂ ಅನೇಕ ಮನೆಗಳಲ್ಲಿ ಇರುವುದು ನಮಗೆ ಗೊತ್ತು.

ಪದವಿ ಎಂದರೇನು? ವ್ಯಾಪಾರಸ್ಥರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಅದು ತೂಕದ ಬಟ್ಟಿನ ಮೇಲಿನ ಮುದ್ರೆ. ಗಿರಾಕಿ ಬಟ್ಟನ್ನು ಒರೆಹಚ್ಚಿ ನೋಡುವುದಿಲ್ಲ, ಮುದ್ರೆಯನ್ನು ನಂಬುತ್ತಾನೆ. ಹಾಗೆಯೇ ಕೆಲಸ ಕೊಡುವವನು ಹುಡುಗನ ತಲೆಯೊಳಗೆ ಇಣುಕಿ ನೋಡಲಾರ. ವಿಶ್ವವಿದ್ಯಾಲಯದ ಮುದ್ರೆಯನ್ನು ನಂಬುತ್ತಾನೆ. ಆದ್ದರಿಂದ ಇಲ್ಲಿ ಕೇಳಬೇಕಾದವು ಎರಡು ಪ್ರಶ್ನೆ. ಮುದ್ರೆ ಹಾಕಿದವರಿಗೆ ಹಾಕುವ ಅಧಿಕಾರ ಇತ್ತೇ? ಮುದ್ರೆಯ ಕೆಳಗಿರುವ ಬಟ್ಟು ಸರಿಯಾದ ತೂಕದ್ದೇ? ಮೊದಲನೆಯದು ಕಾನೂನಿನ ಮಾತು. ಎರಡನೆಯದನ್ನು ಯಾವ ಸರಕಾರವೂ ಬಂದು ನೋಡುವುದಿಲ್ಲ.

ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಮನೆಯಲ್ಲಿದ್ದು ಓದುವುದು ಹೊಸದೇನಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿಯೂ, ನಮ್ಮ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿಯೂ ಅಂಚೆ ತೆರಪಿನ ಶಿಕ್ಷಣ ಆರಂಭಿಸಿದವು. 1985ರಲ್ಲಿ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, 2002ರಲ್ಲಿ ತಮಿಳುನಾಡು ಮುಕ್ತ ವಿಶ್ವವಿದ್ಯಾಲಯ ಬಂದವು. ಆನ್‌ಲೈನ್ ಪದವಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯು.ಜಿ.ಸಿ., 2018ರಲ್ಲಿ ನಿಯಮ ಮಾಡಿತು. 2020ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಎರಡಕ್ಕೂ ಸೇರಿಸಿ ಹೊಸ ನಿಯಮ ತಂದಿತು. ಮಾನ್ಯತೆ ಇರುವ ಕಡೆ ಹೀಗೆ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಗಡಿಯಲ್ಲಿರುವ ನಾವು ಇನ್ನೊಂದು ಮಾತು ತಿಳಿದಿರಬೇಕು. ರಾಜ್ಯದ ವಿಶ್ವವಿದ್ಯಾಲಯಗಳ ದೂರಶಿಕ್ಷಣಕ್ಕೆ ಆಯಾ ರಾಜ್ಯದ ಎಲ್ಲೆ ಉಂಟು, ಆನ್‌ಲೈನ್ ಪದವಿಗೆ ಆ ಎಲ್ಲೆ ಇಲ್ಲ. ಅತ್ತಿಬೆಲೆಯ ಈಚೆ ಇದ್ದೇವೆ ಎಂಬ ಕಾರಣಕ್ಕೆ ಆಚೆಯ ಓದು ನಮಗಿಲ್ಲ ಎಂದು ಕೊರಗಬೇಕಾಗಿಲ್ಲ.

ಆದರೆ ಮಾನ್ಯತೆ ಎಂಬುದು ಒಮ್ಮೆ ಬಂದರೆ ಶಾಶ್ವತವಾಗಿ ಉಳಿಯುವಂಥದಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಪ್ರಕರಣವನ್ನು ನಮ್ಮವರು ಮರೆಯಬಾರದು. ರಾಜ್ಯದ ಎಲ್ಲೆ ಮೀರಿ, ಖಾಸಗಿ ಸಂಸ್ಥೆಗಳೊಡನೆ ಕೂಡಿ ಕೋರ್ಸು ನಡೆಸಿತೆಂದು ಯು.ಜಿ.ಸಿ. ಆಕ್ಷೇಪಿಸಿ, 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು 2015ರಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಎರಡು ವರ್ಷದ ವಿದ್ಯಾರ್ಥಿಗಳು ಶುಲ್ಕ ಕಟ್ಟಿ ಓದಿ ಆಗಿತ್ತು. ತಪ್ಪು ಆಡಳಿತದವರದು, ಬೀದಿಗೆ ಬಂದವರು ಓದಿದವರು. 2018ರ ಆಗಸ್ಟಿನಲ್ಲಿ ಮಾನ್ಯತೆ ಮರಳಿತು; ನಡುವೆ ಕಳೆದ ವಯಸ್ಸು ಮರಳಲಿಲ್ಲ. ಸರಕಾರವೇ ಕಟ್ಟಿದ ವಿಶ್ವವಿದ್ಯಾಲಯದ ಪಾಡೇ ಹೀಗಾದರೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ ಪೋಸ್ಟರನ್ನು ನಂಬುವುದು ಹೇಗೆ?

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳೂ ಇವೆ. 2009ರಲ್ಲಿ ತಮಿಳುನಾಡಿನದೇ ಒಂದು ಮೊಕದ್ದಮೆಯಲ್ಲಿ, ಕೆಳಗಿನ ಪದವಿ ಇಲ್ಲದೆ ಮುಕ್ತ ಪದ್ಧತಿಯಲ್ಲಿ ನೇರವಾಗಿ ಪಡೆದ ಎಂ.ಎ. ಸರಕಾರಿ ನೌಕರಿಗೆ ಸಲ್ಲದು ಎಂದಿತು. ಮೆಟ್ಟಿಲು ಹಾರಿ ಅಟ್ಟ ಹತ್ತುವಂತಿಲ್ಲ ಎಂದು ಅದರ ತಾತ್ಪರ್ಯ. 2017ರ ನವೆಂಬರಿನಲ್ಲಿ, ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳನ್ನು ಅನೂರ್ಜಿತಗೊಳಿಸಿತು. ಅವುಗಳಲ್ಲೊಂದು ಇದೇ ತಮಿಳುನಾಡಿನದು. ಎಂಜಿನಿಯರಿಂಗ್, ವೈದ್ಯ, ನರ್ಸಿಂಗ್, ಕಾನೂನು ಮುಂತಾದವನ್ನು ಮನೆಯಲ್ಲಿ ಕುಳಿತು ಪಡೆಯಲು ಯು.ಜಿ.ಸಿ. ನಿಯಮದಲ್ಲಿ ಅವಕಾಶವಿಲ್ಲ. ಯಾರಾದರೂ ಕೊಡಿಸುತ್ತೇನೆಂದರೆ ಎಲೆ ಅಡಿಕೆ ಕೊಟ್ಟು ಕಳುಹಿಸಿಬಿಡಿ. 2022ರ ಜನವರಿಯಲ್ಲಿ ಯು.ಜಿ.ಸಿ. ಇನ್ನೊಂದು ಎಚ್ಚರಿಕೆ ಕೊಟ್ಟಿತು: ವಿಶ್ವವಿದ್ಯಾಲಯದ ಹೆಸರಿನಲ್ಲಿ ಬೇರೆ ಕಂಪನಿಗಳು ಫ್ರಾಂಚೈಸಿಯಾಗಿ ಪದವಿ ನಡೆಸುವಂತಿಲ್ಲ. ಆದುದರಿಂದ ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಬೇಕು, ರಸೀದಿ ಅದರ ಹೆಸರಿನಲ್ಲೇ ಇರಬೇಕು. ನೀವು ಸೇರುವ ವರ್ಷಕ್ಕೆ ಆ ಕೋರ್ಸಿಗೆ ಅನುಮತಿ ಇದೆಯೇ ಎಂದು ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಬೇಕು. ಹೋದ ವರ್ಷದ ಪಟ್ಟಿ ಸಾಲದು.

ಕಾನೂನು ಇಷ್ಟು. ಇನ್ನು ಬಟ್ಟಿನ ತೂಕದ ಮಾತು. ಇಲ್ಲಿ ಬೇರೆಯವರ ಕಥೆ ಹೇಳುವ ಬದಲು ನಮ್ಮದನ್ನೇ ಹೇಳಿಬಿಡುತ್ತೇವೆ.

ನಮ್ಮ ಹೆಸರಿನ ಮುಂದೆ ಬಿ.ಕಾಂ. ಎಂದು ಮಠದ ಪತ್ರಗಳಲ್ಲಿ ನೀವು ನೋಡಿದ್ದೀರಿ. ಅದು ಅಂಚೆ ತೆರಪಿನಲ್ಲಿ ಪಡೆದದ್ದು. ತಂದೆಯವರಿಗೆ ಕಾಯಿಲೆ, ಅಂಗಡಿ ನೋಡಿಕೊಳ್ಳುವವರಿಲ್ಲ, ಕಾಲೇಜು ಸೇರುವ ಹಾಗಿರಲಿಲ್ಲ. ಅಂಚೆಯಲ್ಲಿ ಬಂದ ಪುಸ್ತಕದ ಕಟ್ಟು ಬೆಲ್ಲದ ಮೂಟೆಯ ಮೇಲೆ ತಿಂಗಳುಗಟ್ಟಲೆ ಬಿಚ್ಚದೆ ಬಿದ್ದಿರುತ್ತಿತ್ತು. ಬರೆದು ಕಳುಹಿಸಬೇಕಾದ ಉತ್ತರಗಳನ್ನು ಪರಿಚಯದ ಹುಡುಗನೊಬ್ಬನಿಗೆ ದುಡ್ಡು ಕೊಟ್ಟು ಬರೆಸಿದೆವು. ಪರೀಕ್ಷೆಗೆ ಹದಿನೈದು ದಿನವಿರುವಾಗ ಗೈಡು ಓದಿ ಪಾಸಾದೆವು. ಪ್ರಮಾಣಪತ್ರ ಬಂದ ದಿನ ತಾಯಿಯವರು ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದರು. ನಮಗೂ ಸಂತೋಷವೇ ಆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಹಲವು ವರ್ಷಗಳ ನಂತರ ಮಠದ ಲೆಕ್ಕ ನಮ್ಮ ಕೈಗೆ ಬಂತು. ಲೆಕ್ಕ ಪರಿಶೋಧಕರು ಬಂದು ಜನರೇಟರಿನ ಸವಕಳಿ ಯಾವ ದರದಲ್ಲಿ ಹಾಕಿದ್ದೀರಿ, ಬ್ಯಾಂಕಿನ ಬಾಕಿಗೂ ನಿಮ್ಮ ಪುಸ್ತಕಕ್ಕೂ ತಾಳೆ ಎಲ್ಲಿ ಎಂದಾಗ ನಾವು ಕಣ್ಣು ಕಣ್ಣು ಬಿಟ್ಟೆವು. ಅವರು ಏನೂ ಅನ್ನಲಿಲ್ಲ. ಪತ್ರದ ತಲೆಯ ಮೇಲಿದ್ದ ಬಿ.ಕಾಂ. ಎಂಬ ಅಕ್ಷರವನ್ನು ಒಮ್ಮೆ ನೋಡಿದರು, ಅಷ್ಟೆ. ಭಕ್ತರ ಕಾಣಿಕೆಯ ಹಣ ಅದು. ಆ ರಾತ್ರಿ ಅಟ್ಟದ ಮೇಲಿಂದ ಹಳೆಯ ಪುಸ್ತಕಗಳನ್ನು ಇಳಿಸಿದೆವು. ಮೂವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ವರ್ಷದ ಅಕೌಂಟೆನ್ಸಿಯನ್ನು ಮೊದಲ ಬಾರಿಗೆ ನಿಜವಾಗಿ ಓದಿದೆವು. ಪುಸ್ತಕಗಳು ಚೆನ್ನಾಗಿದ್ದವು. ಅಂಚೆ ತೆರಪಿನ ಶಿಕ್ಷಣದಲ್ಲಿ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ನಮ್ಮಲ್ಲಿ.

ಆಯ್ದಕ್ಕಿ ಮಾರಯ್ಯನವರ ಕಥೆ ಎಲ್ಲರಿಗೂ ಗೊತ್ತು. ಅವರ ಕಾಯಕ ಬಿದ್ದ ಅಕ್ಕಿ ಆಯುವುದು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಮೆಚ್ಚಲಿಲ್ಲ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿ ಕದ್ದದ್ದಲ್ಲ, ಆದರೂ ಬೇಡವೆಂದರು. ನಾವು ಸಣ್ಣವರಿದ್ದಾಗ ಇದು ಬಡತನದ ಕಥೆ ಎಂದುಕೊಂಡಿದ್ದೆವು. ದುಡಿದದ್ದಕ್ಕಿಂತ ಹೆಚ್ಚು ತೂಗುವ ಯಾವುದನ್ನೂ ಮನೆಯೊಳಗೆ ತರಬಾರದು ಎಂಬ ಕಥೆ ಅದು. ನಮ್ಮ ಪ್ರಮಾಣಪತ್ರ ಅಂಥ ಹೆಚ್ಚಿನ ಅಕ್ಕಿಯಾಗಿತ್ತು.

ಆದ್ದರಿಂದ ಹೊಸೂರಿನ ಹುಡುಗನನ್ನು ಕರೆಸಿ ಅವನೊಡನೆ ಕುಳಿತು ಲೆಕ್ಕ ಹಾಕಿದೆವು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದಿಟ್ಟುಕೊಂಡರೆ 3600 ಗಂಟೆ. ವರ್ಷಕ್ಕೆ 1200. ಭಾನುವಾರ, ಹಬ್ಬ, ಜಾತ್ರೆ ಒಂದನ್ನೂ ಬಿಡದೆ ದಿನಕ್ಕೆ ಮೂರು ಕಾಲು ಗಂಟೆ. ಎಂಟು ಗಂಟೆಯ ಪಾಳಿ, ಹೋಗಿ ಬರುವುದಕ್ಕೆ ಎರಡು ಗಂಟೆ, ರಾತ್ರಿ ಪಾಳಿಯ ವಾರದಲ್ಲಿ ಹಗಲು ನಿದ್ದೆ. "ಎಲ್ಲಿಂದ ತರ್ತೀಯಪ್ಪ ಈ ಮೂರು ಗಂಟೆ?" ಎಂದು ಕೇಳಿದೆವು. ಹುಡುಗ ಪ್ರಾಮಾಣಿಕ. "ಅಣ್ಣಾ, ಎಲ್ರೂ ವಿಡಿಯೊ ಓಡಿಸಿ ಬಿಟ್ಟು ಮಲಗ್ತಾರೆ. ಅಸೈನ್‌ಮೆಂಟಿಗೆ ಈಗ ಫೋನೇ ಉತ್ತರ ಬರ್ಕೊಡ್ತದೆ" ಎಂದ. ನಾವು ಹುಡುಗನಿಗೆ ದುಡ್ಡು ಕೊಟ್ಟು ಬರೆಸಿದ್ದೆವು. ಈಗ ಯಂತ್ರ ಪುಕ್ಕಟೆ ಬರೆಯುತ್ತದೆ, ಅಷ್ಟೇ ವ್ಯತ್ಯಾಸ.

ಎಲ್ಲರೂ ಮಾಡುತ್ತಾರೆ, ಕಂಪನಿಯವರಿಗೂ ಕಾಗದವೇ ಬೇಕು, ನಾವೊಬ್ಬರೇ ಏಕೆ ಕಷ್ಟಪಡಬೇಕು ಎಂಬ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಕೆಲಸಕ್ಕೆ ಬೇಕಿಲ್ಲದ ಪದವಿಯನ್ನು ಕೇಳುವ ಕಂಪನಿಯದೂ ತಪ್ಪಿದೆ. ಕೈಯಲ್ಲಿ ಕಸುಬಿರುವ ಹುಡುಗನಿಗೆ ಹೆಣ್ಣು ಕೊಡುವ ಮುಂಚೆ ಡಿಗ್ರಿ ಏನು ಎನ್ನುವ ನಮ್ಮ ಸಮಾಜದ್ದೂ ತಪ್ಪಿದೆ. ಕಾಯಕಕ್ಕೆ ಮೇಲು ಕೀಳಿಲ್ಲ ಎಂದು ಜಯಂತಿಯ ದಿನ ಭಾಷಣ ಕೇಳಿ ಚಪ್ಪಾಳೆ ತಟ್ಟುವವರೇ ಮರುದಿನ ಬಯೊಡೇಟಾದಲ್ಲಿ ಮೊದಲು ನೋಡುವುದು ಅದನ್ನೇ. ಆದರೂ ಗಿರಾಕಿಯೇ ಮೂರ್ಖ ಎಂಬ ಕಾರಣಕ್ಕೆ ಬಟ್ಟಿನಲ್ಲಿ ಕಡಿಮೆ ಮಾಡಬಹುದೇ? ಅಂಗಡಿಯವರ ಮಗನಾದ್ದರಿಂದ ಹುಡುಗನಿಗೆ ಈ ಮಾತು ತಟ್ಟಿತು. ಪೂಜ್ಯ ಶ್ರೀಗಳ ಬಳಿ ಆಶೀರ್ವಾದಕ್ಕೆ ಹೋದಾಗ ಅವರು ಕೇಳಿದ್ದು ಒಂದೇ ಮಾತು: "ನಿನ್ನ ಉತ್ತರ ಯಾರು ಬರೀತಾರಪ್ಪ?"

"ನಾನೇ ಬುದ್ಧೀ" ಎಂದ. ಸೇರಿಕೋ ಎಂದೆವು. ದುಡಿಯುವವನಿಗೆ, ಕೂಸಿರುವ ತಾಯಿಗೆ, ಹೊಲ ಬಿಟ್ಟು ಕದಲಲಾಗದವನಿಗೆ ಈ ದಾರಿ ಒಂದು ದೊಡ್ಡ ಉಪಕಾರ. ಮೂರು ವರ್ಷದ್ದು ಐದು ವರ್ಷವಾದರೂ ಆಗಲಿ.

ಇನ್ನು ತಳಿಯ ರೈತರ ಮಗಳ ವಿಷಯ. ಇಲ್ಲಿ ನಮ್ಮ ಅಭಿಪ್ರಾಯ ಬೇರೆ, ಅದನ್ನು ಮೆತ್ತಗೆ ಹೇಳುವ ಇಷ್ಟವೂ ನಮಗಿಲ್ಲ. ಹುಡುಗನಿಗೆ ಆನ್‌ಲೈನ್ ಎಂದರೆ ಮುಚ್ಚಿದ್ದ ಬಾಗಿಲು ತೆರೆದದ್ದು. ಹುಡುಗಿಗೆ ಅದನ್ನೇ ತೆರೆದಿರುವ ಬಾಗಿಲು ಮುಚ್ಚಲು ಬಳಸುತ್ತಿದ್ದೇವೆ. ತಂದೆಯವರು ದುಡ್ಡಿನ ಮಾತು ತೆಗೆದರು. ದುಡ್ಡಿನ ಲೆಕ್ಕವನ್ನೂ ಹಾಕಿದೆವು. ಈ ರಾಜ್ಯದಲ್ಲಿ 2021ರಿಂದ ಸಾಧಾರಣ ಟೌನ್ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಾಯಿತು. 2022ರ ಸೆಪ್ಟೆಂಬರಿನಲ್ಲಿ ಆರಂಭವಾದ ಪುದುಮೈ ಪೆಣ್ ಯೋಜನೆಯಲ್ಲಿ, ಆರರಿಂದ ಹನ್ನೆರಡರವರೆಗೆ ಸರಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ 1000 ರೂಪಾಯಿ. ಅಂಚೆ ಮತ್ತು ದೂರಶಿಕ್ಷಣದವರನ್ನು ಅದರಲ್ಲಿ ಸೇರಿಸಲಿಲ್ಲ. ಮನೆಯಲ್ಲಿ ಕೂರಿಸಿದರೆ ಉಳಿತಾಯವಲ್ಲ, ನಷ್ಟ.

ಆಗ ನಿಜವಾದ ಕಾರಣ ಹೊರಬಂತು. "ಕಾಲ ಚೆನ್ನಾಗಿಲ್ಲ ಸ್ವಾಮಿ" ಎಂದರು. ಹೆತ್ತವರ ಭಯವನ್ನು ನಾವು ಗೇಲಿ ಮಾಡುವುದಿಲ್ಲ. ಆದರೆ ಅವರ ಮನೆಯ ನಡುಮನೆಯಲ್ಲಿ ಅಕ್ಕಮಹಾದೇವಿಯ ಪಟವನ್ನು ನಾವು ನೋಡಿದ್ದೇವೆ. ಉಡುತಡಿಯಿಂದ ಕಲ್ಯಾಣದವರೆಗೆ ಒಬ್ಬಳೇ ನಡೆದವಳಿಗೆ ದಿನವೂ ಹೂವೇರಿಸುವ ಮನೆಯಿಂದ ಹೊಸೂರಿಗೆ ಒಂದು ಬಸ್ಸು ದೂರವಾಯಿತೇ?

ನಮ್ಮ ಗಡಿಯ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ಕನ್ನಡ, 2006ರ ಕಾಯ್ದೆಯ ನಂತರ ಶಾಲೆಯಲ್ಲಿ ತಮಿಳು ಕಡ್ಡಾಯ, ಮೇಲಿನ ಓದು ಇಂಗ್ಲಿಷಿನಲ್ಲಿ. ಆ ಹುಡುಗಿ ಕನ್ನಡ ಮಾಧ್ಯಮದವಳು. ಫೋನಿನೊಳಗಿನ ಉಪನ್ಯಾಸಕ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಾನೆ. ಅರ್ಥವಾಗದೆ ಮುಖ ಬಾಡಿದ್ದು ಅವನಿಗೆ ಕಾಣುವುದಿಲ್ಲ. ತರಗತಿಯಲ್ಲಾದರೆ ಪಕ್ಕದ ಹುಡುಗಿ ಇರುತ್ತಾಳೆ, ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಲು ಮೇಡಂ ಇರುತ್ತಾರೆ, ಗ್ರಂಥಾಲಯ ಇರುತ್ತದೆ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಹಿರಿಯರಾಗಲಿ, ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮೀಜಿಯವರಾಗಲಿ ಹಂಚಿದ್ದು ಬರೀ ಪ್ರಮಾಣಪತ್ರವನ್ನಲ್ಲ. ಸಿದ್ಧಗಂಗೆಯಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಂಡರು, ಒಂದೇ ದೀಪದ ಕೆಳಗೆ ಓದಿದರು. ಹದಿನೆಂಟರ ವಯಸ್ಸಿನಲ್ಲಿ ಅಪರಿಚಿತರ ನಡುವೆ ಕುಳಿತು ಮಾತಾಡಲು ಕಲಿಯುವುದು ಯಾವ ಅಂಕಪಟ್ಟಿಯಲ್ಲೂ ಬರೆದಿರುವುದಿಲ್ಲ. ಅದನ್ನು ಕಲಿಯದ ನಮ್ಮ ಹೆಣ್ಣುಮಕ್ಕಳು ಮುಂದೆ ಬ್ಯಾಂಕಿನ ಕೌಂಟರಿನ ಮುಂದೆ, ತಾಲ್ಲೂಕು ಕಚೇರಿಯ ಮುಂದೆ ಸೆರಗು ಹಿಡಿದು ನಿಲ್ಲುವುದನ್ನು ನಾವು ನೋಡಿದ್ದೇವೆ.

ಇಷ್ಟು ಹೇಳಿದ ಮೇಲೂ ಆ ತಂದೆಯವರು ಒಪ್ಪಿದ್ದಾರೆಂದು ಬರೆಯುವ ಹಾಗಿಲ್ಲ. ನೋಡೋಣ ಎಂದಿದ್ದಾರೆ. ಹುಡುಗಿ ಅಲ್ಲೇ ಕಂಬದ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು; ಅವಳನ್ನು ಮಾತ್ರ ನಾವು ಯಾರೂ ಏನೂ ಕೇಳಲಿಲ್ಲವೆಂದು ಅವರು ಬಸ್ಸು ಹತ್ತಿದ ಮೇಲೆ ನಮಗೆ ಹೊಳೆಯಿತು. ಮರುದಿನ ಫೋನು ಮಾಡಿ ಕೇಳಿದೆವು. "ಜೊತೆಗೆ ಒಬ್ಳಿದ್ರೆ ಅಪ್ಪ ಬಿಡ್ತಾರೆ" ಎಂದಳು.

ತಳಿಯಿಂದ ಬೆಳಿಗ್ಗೆ ಹೊಸೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳಿರುವ ಭಕ್ತರು ದಯವಿಟ್ಟು ಅರ್ಜಿಯ ಕೊನೆಯ ದಿನಾಂಕದೊಳಗೆ ಮಠದ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ