ಮೊದಲ ಪಾಲು ವಿಗರ್‌ಗೆ

ಬೆಳಗಿನ ಹೊತ್ತಿನಲ್ಲಿ ಮನಸ್ಸು ಇನ್ನೂ ಯಾವುದಕ್ಕೂ ಖರ್ಚಾಗಿರುವುದಿಲ್ಲ. ಯಾವುದಕ್ಕೆ ಎಷ್ಟು ಕೊಡಬೇಕು ಎಂದು ಯೋಚಿಸಲು ಒಳ್ಳೆಯ ಸಮಯ. ಈ ಯೋಚನೆಯನ್ನು ನನ್ನಲ್ಲಿ ಬಲವಾಗಿ ಎಬ್ಬಿಸಿದ್ದು ಒಂದು ವಿಡಿಯೊ ಗೇಮ್: ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2022ರ ಫೆಬ್ರುವರಿಯಲ್ಲಿ ಹೊರತಂದ, ಹಿಡೆಟಾಕ ಮಿಯಾಜಾಕಿ ನಿರ್ದೇಶನದ ‘ಎಲ್ಡನ್ ರಿಂಗ್’. ಅದರ ಕಾದಾಟಗಳು ಕಠಿಣವೆಂದು ಹೆಸರುವಾಸಿ. ನನ್ನನ್ನು ಮಾತ್ರ ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಲೆವೆಲ್ ಏರಿಸುವ ಆ ಸಾದಾ ಪರದೆ.

ಅಲ್ಲಿ ಎಂಟು ಗುಣಗಳಿವೆ. ಹೆಲ್ತ್ ಹೆಚ್ಚಿಸುವ ವಿಗರ್, ಮಂತ್ರಗಳಿಗೆ ಬೇಕಾದ ಚೈತನ್ಯ ಕೊಡುವ ಮೈಂಡ್, ದಣಿವು ತಡೆದು ಭಾರ ಹೊರಿಸುವ ಎಂಡ್ಯೂರೆನ್ಸ್. ಆಮೇಲೆ ತೋಳಿನ ಸ್ಟ್ರೆಂತ್, ಕೈಚಳಕದ ಡೆಕ್ಸ್‌ಟೆರಿಟಿ, ಮಾಂತ್ರಿಕರ ಇಂಟೆಲಿಜೆನ್ಸ್, ಭಕ್ತರ ಫೇತ್, ಮತ್ತು ನಿಗೂಢವಾದ ಆರ್ಕೇನ್. ಶತ್ರುಗಳನ್ನು ಕೊಂದು ಗಳಿಸಿದ ರೂನ್‌ಗಳನ್ನು ತೆತ್ತರೆ ಒಂದು ಲೆವೆಲ್. ಲೆವೆಲ್‌ಗೆ ಒಂದೇ ಅಂಕ, ಅದೂ ಎಂಟರಲ್ಲಿ ಒಂದಕ್ಕೆ ಮಾತ್ರ. ಏರುತ್ತ ಹೋದಂತೆ ಬೆಲೆಯೂ ಏರುತ್ತದೆ. ಎಂಟನ್ನೂ ಗರಿಷ್ಠ 99ಕ್ಕೆ ಮುಟ್ಟಿಸಬೇಕೆಂದರೆ 713ನೆಯ ಲೆವೆಲ್ ತಲುಪಬೇಕು. ಅದರ ಕಾಲುಭಾಗ ಮುಟ್ಟುವ ಮೊದಲೇ ಸಾಮಾನ್ಯವಾಗಿ ಕಥೆ ಮುಗಿದಿರುತ್ತದೆ.

ಎಲ್ಲವೂ ಸ್ವಲ್ಪ ಸ್ವಲ್ಪ ಇರಲಿ ಎಂಬ ಆಸೆ ಇಲ್ಲಿ ಸೋಲುತ್ತದೆ. ಬೇಸಿಗೆಯಲ್ಲಿ ತೂಬಿನಿಂದ ಬಂದ ಒಂದೆಳೆ ನೀರನ್ನು ಎಂಟು ಗದ್ದೆಗೂ ಹಂಚಿದರೆ ಯಾವ ಪೈರಿನ ಬುಡವೂ ನೆನೆಯುವುದಿಲ್ಲ. ಒಳ್ಳೆಯ ಬಿಲ್ಡ್, ಅಂದರೆ ಗುಣಗಳ ಹಂಚಿಕೆ, ಮಾಡಲು ಕೂತವರು ಮೊದಲು ಯಾವ ಗದ್ದೆಯನ್ನು ಬೀಳು ಬಿಡಬೇಕೆಂದು ಗೊತ್ತುಮಾಡಿಕೊಳ್ಳಬೇಕು. ಇದು ಕಷ್ಟದ ಕೆಲಸ. ಚಂದದ ಮಂತ್ರವೊಂದು ಕಣ್ಣಿಗೆ ಬಿದ್ದಾಗ ಅದು ನನ್ನ ಪಾಲಿನದಲ್ಲ ಎಂದು ದಾಟಿಹೋಗುವುದಕ್ಕೆ ಒಂದು ಬಗೆಯ ಶಾಂತಿ ಬೇಕು.

ಆಯುಧಗಳು ತಮ್ಮ ಬೇಡಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಮೂನ್‌ವೇಲ್ ಎಂಬ ಕತ್ತಿಗೆ 18 ಡೆಕ್ಸ್‌ಟೆರಿಟಿ, 23 ಇಂಟೆಲಿಜೆನ್ಸ್ ಬೇಕು. ಗ್ರೇಟ್‌ಸ್ವೋರ್ಡ್ ಎಂಬ ಹೆಗ್ಗತ್ತಿ 31 ಸ್ಟ್ರೆಂತ್ ಕೇಳುತ್ತದೆ. ಆದರೆ ಎರಡೂ ಕೈಯಲ್ಲಿ ಹಿಡಿದರೆ ಸ್ಟ್ರೆಂತ್ ಒಂದೂವರೆ ಪಟ್ಟು ಲೆಕ್ಕಕ್ಕೆ ಬರುವುದರಿಂದ 21 ಇದ್ದರೂ ಸಾಕು. ಈ ಕೆಳಮಿತಿ ದಾಟಿದ ಮೇಲೆ ಎಷ್ಟೋ ಜನ ಅದೇ ಗುಣಕ್ಕೆ ಅಂಕ ಸುರಿಯುತ್ತ ಹೋಗುತ್ತಾರೆ, ಏಟು ಇನ್ನಷ್ಟು ಜೋರಾಗಲಿ ಎಂದು. ನಾನು ಇದನ್ನು ಒಪ್ಪುವುದಿಲ್ಲ. ಆಟದ ಮೊದಲ ಭಾಗದಲ್ಲಿ ಏಟಿನ ಬಲ ಹೆಚ್ಚಾಗಿ ಬರುವುದು ಸ್ಮಿತಿಂಗ್ ಸ್ಟೋನ್‌ಗಳಿಂದ ಆಯುಧವನ್ನು ಹದಗೊಳಿಸುವುದರಿಂದ. ಸಾಮಾನ್ಯ ಆಯುಧವನ್ನು ಹಾಗೆ 25 ಮೆಟ್ಟಿಲು ಏರಿಸಬಹುದು, ವಿಶೇಷವಾದವನ್ನು 10. ಆ ಕಲ್ಲುಗಳು ಗಣಿಗಳಲ್ಲಿ, ಸುರಂಗಗಳಲ್ಲಿ ಸಿಗುತ್ತವೆ. ಅವುಗಳಿಗೆ ಲೆವೆಲ್ ಬೇಡ. ಹೆಲ್ತ್ ಮಾತ್ರ ಬಹುಮಟ್ಟಿಗೆ ವಿಗರ್ ಒಂದರಿಂದಲೇ ಬರಬೇಕು.

ಅದರ ಲೆಕ್ಕವನ್ನು ಒಮ್ಮೆ ನೋಡಬೇಕು. ವಿಗರ್ 10 ಇದ್ದಾಗ ಹೆಲ್ತ್ 414. 40ಕ್ಕೆ ಬಂದಾಗ 1,450. 60ರಲ್ಲಿ 1,900. ಅಲ್ಲಿಂದ 99ರವರೆಗೆ, ಮೂವತ್ತೊಂಬತ್ತು ಅಂಕ ಸುರಿದರೂ, 2,100. ಎಲ್ಲಿ ನಿಲ್ಲಿಸಬೇಕೆಂದು ಆ ಅಂಕಿಗಳೇ ಹೇಳುತ್ತಿವೆ. ಎಲ್ಲಿಂದ ಶುರು ಮಾಡಬೇಕೆಂದೂ ಹೇಳುತ್ತಿವೆ, ಅದನ್ನು ಕೇಳಿಸಿಕೊಳ್ಳುವವರು ಕಡಿಮೆ.

ಸ್ಟಾರ್ಮ್‌ವೇಲ್ ಕೋಟೆಯ ದಾರಿಯಲ್ಲಿ ಮಾರ್ಗಿಟ್ ಎಂಬ ಬಾಸ್ ಕಾಯುತ್ತಾನೆ. ಅವನು ದೊಣ್ಣೆ ಎತ್ತಿ ತಡೆದು ಹಿಡಿಯುತ್ತಾನೆ. ನಾವು ಹೆದರಿ ಮೊದಲೇ ಉರುಳುತ್ತೇವೆ, ನಾವು ಏಳುವ ಹೊತ್ತಿಗೆ ಸರಿಯಾಗಿ ಏಟು ಇಳಿಯುತ್ತದೆ. ಈ ತಡೆಯ ಲಯ ಗೊತ್ತಾಗಬೇಕಾದರೆ ಅದನ್ನು ನೋಡಬೇಕು, ಮತ್ತೆ ನೋಡಬೇಕು, ಒಂದೇ ಕಾದಾಟದಲ್ಲಿ ಅವನ ಎರಡನೆಯ ಏಟಿನಾಚೆಗೆ ನಾಲ್ಕನೆಯದೂ ಹೇಗೆ ಬರುತ್ತದೆಂದು ಕಾಣುವಷ್ಟು ಹೊತ್ತು ನಿಂತಿರಬೇಕು. ಹೆಲ್ತ್ ಇಲ್ಲದ ಪಾತ್ರಕ್ಕೆ ಆ ಅವಕಾಶವೇ ಸಿಗುವುದಿಲ್ಲ. ಅದು ಸಾಯುತ್ತದೆ, ಹೊತ್ತಿದ್ದ ರೂನ್‌ಗಳು ಅಲ್ಲೇ ಬೀಳುತ್ತವೆ, ಎತ್ತಿಕೊಳ್ಳುವ ಮೊದಲು ಇನ್ನೊಮ್ಮೆ ಸತ್ತರೆ ಅವೂ ಹೋದವು. ವಿಗರ್‌ಗೆ ಹಾಕಿದ ಅಂಕ ಕಾಣುವಂಥ ಮೆರುಗನ್ನೇನೂ ಕೊಡುವುದಿಲ್ಲ, ಕತ್ತಿ ಅದರಿಂದ ಹೊಳೆಯುವುದಿಲ್ಲ. ತಪ್ಪಿ, ಪೆಟ್ಟು ತಿಂದು, ಇನ್ನೂ ಎದ್ದು ನಿಂತು ಕಲಿಯುವ ಸಮಯವನ್ನು ಅದು ಕೊಡುತ್ತದೆ. ಅಷ್ಟು ದೊಡ್ಡ ವರ ಆ ಪರದೆಯಲ್ಲಿ ಮತ್ತೊಂದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಬೇರೆಯವರ ಬಿಲ್ಡನ್ನು ಹಾಗೆಯೇ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ನಿಧಾನವಾಗಿ ಬೀಸುವ ಹೆಗ್ಗತ್ತಿ ತಾಳ್ಮೆಯ ಕೈಗೆ ಒಗ್ಗುತ್ತದೆ; ಚಡಪಡಿಸುವ ಕೈಗೆ ಜೋಡಿ ಕತ್ತಿಗಳೇ ವಾಸಿ. ದೂರದಲ್ಲಿ ನಿಂತು ನೋಡಬಯಸುವವರಿಗೆ ಮಂತ್ರದಂಡ ಇದೆ. ಯಾವುದು ಬಲಶಾಲಿ ಎಂದು ಕೇಳುವ ಮೊದಲು ತಾನು ಎಂಥವನು ಎಂದು ಸ್ವಲ್ಪ ನೋಡಿಕೊಳ್ಳುವುದು ಒಳ್ಳೆಯದು.

ಬದಲಾಯಿಸುವ ದಾರಿಯೂ ಇದೆ. ರಾಯಾ ಲುಕೇರಿಯಾ ಅಕಾಡೆಮಿಯಲ್ಲಿ ರಾಣಿ ರೆನ್ನಾಲಾಳನ್ನು ಸೋಲಿಸಿದ ಮೇಲೆ, ಲಾರ್ವಲ್ ಟಿಯರ್ ಎಂಬ ವಸ್ತುವೊಂದನ್ನು ಕೊಟ್ಟರೆ ಅವಳು ಮರುಹುಟ್ಟು ಕೊಡುತ್ತಾಳೆ. ಹಾಕಿದ ಅಂಕಗಳೆಲ್ಲ ಕೈಗೆ ಮರಳುತ್ತವೆ, ಹೊಸದಾಗಿ ಹಂಚಬಹುದು. ಒಂದು ಸುತ್ತಿನ ಆಟದಲ್ಲಿ ಇಂಥ ಟಿಯರ್‌ಗಳು ಎಣಿಕೆಯಷ್ಟೇ. ಆರಂಭದಲ್ಲಿ ಆರಿಸಿಕೊಂಡ ವರ್ಗ ಕೊಟ್ಟ ಮೂಲ ಅಂಕಿಗಿಂತ ಕೆಳಕ್ಕೆ ಯಾವ ಗುಣವನ್ನೂ ಇಳಿಸಲೂ ಆಗುವುದಿಲ್ಲ. ವ್ಯಾಗಬಾಂಡ್ ಎಂಬ ವರ್ಗದಲ್ಲಿ ಹೊರಟವನ ಜೊತೆ 15 ವಿಗರ್ ಎಷ್ಟು ಮರುಹುಟ್ಟುಗಳಲ್ಲೂ ಇರುತ್ತದೆ. ಕೈ ಕಲಿತದ್ದನ್ನು ಮಾತ್ರ ರೆನ್ನಾಲಾ ಮುಟ್ಟುವುದಿಲ್ಲ. ಮಾರ್ಗಿಟ್‌ನ ದೊಣ್ಣೆಯ ಲಯ ಆ ಎಂಟರ ಪಟ್ಟಿಯಲ್ಲಿಲ್ಲ, ಕಳೆಯಲು ಅವಳಿಂದಾಗದು. ರೆಚ್ ಎಂಬ ವರ್ಗದಲ್ಲಿ, ಎಲ್ಲ ಗುಣವೂ 10 ಇರುವ, ಮೈಮೇಲೆ ರಕ್ಷಾಕವಚವಿಲ್ಲದ ಪಾತ್ರವನ್ನು ಮೊದಲನೆಯ ಲೆವೆಲ್‌ನಲ್ಲೇ ಇಟ್ಟುಕೊಂಡು ಆಟ ಮುಗಿಸಿದವರೂ ಇದ್ದಾರೆ. ಅವರ ಮೇಲೆ ನನಗೆ ಅಪಾರ ಗೌರವ. ಅಷ್ಟು ತಿಳಿವಳಿಕೆ ಕೈಗೆ ಬರುವ ತನಕ ಉಳಿದವರಿಗೆ ಹೆಲ್ತ್ ಬೇಕು.

ಇಂದು ಹೊಸದಾಗಿ ಶುರುಮಾಡುವವರು ಮನಸ್ಸಿಗೆ ಒಪ್ಪಿದ ಒಂದು ಆಯುಧವನ್ನು ಆರಿಸಿಕೊಳ್ಳಲಿ. ಅದು ಕೇಳುವಷ್ಟನ್ನು ಕೊಟ್ಟು, ಹೊರುವ ಭಾರ ಮಿತಿಯ ಶೇಕಡಾ 70ಕ್ಕಿಂತ ಕಡಿಮೆ ಇರುವಂತೆ ನೋಡಿಕೊಂಡು, ಮುಂದಿನ ಅಂಕಗಳನ್ನೆಲ್ಲ ವಿಗರ್ 40 ಆಗುವವರೆಗೆ ಅಲ್ಲಿಗೇ ಹಾಕಲಿ. ಏಟಿನ ಬಲದ ಯೋಚನೆ ಆಮೇಲೆ.